ಸೇವೆ ಮತ್ತು ಸ್ವಾವಲಂಬನೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ, ರಾಮದುರ್ಗ ಸೀಮೆಗಳನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹೊಳೆಯ ದಂಡೆಯಲ್ಲಿದ್ದರೂ ರಾಮದುರ್ಗ ತಾಲ್ಲೂಕಿನ ಎಷ್ಟೋ ಹೊಲಗಳು ಮಳೆಯನ್ನೇ ನಂಬಿಕೊಂಡಿವೆ. ಮಳೆ ಕೈಕೊಟ್ಟರೆ ಬರ. ಹೊಳೆ ಮೈದುಂಬಿದರೆ ನೆರೆ. 2019ರ ಆಗಸ್ಟ್ ತಿಂಗಳಿನಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ದಂಡೆಯ ಊರುಗಳ ಜನ ಮನೆಮಾರು ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಆಶ್ರಯ ಪಡೆಯಬೇಕಾಯಿತು. ಸುರೇಬಾನದಂಥ ನೇಕಾರರ ಊರುಗಳಲ್ಲಿ ಕೈಮಗ್ಗವು ಯಂತ್ರದ ಬಟ್ಟೆಯೊಡನೆ ಸೆಣಸುತ್ತ ಬಂದಿದೆ. ಆಪತ್ತು ಬಂದಾಗ ಇಂಥ ಸೀಮೆಗೆ ನೆರವು ಹರಿದುಬರುವುದು ಸಹಜ. ಆದರೆ ಗಂಜಿಯ ಕೇಂದ್ರ ಮುಚ್ಚಿದ ಮರುದಿನ ಊರಿನಲ್ಲಿ ಉಳಿಯುವುದೇನು? ನಿಜವಾದ ಅಭಿವೃದ್ಧಿಯ ಪ್ರಶ್ನೆ ಅಲ್ಲಿಂದ ಪ್ರಾರಂಭವಾಗುತ್ತದೆ. ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಕರ್ನಾಟಕದಲ್ಲಿ ಕಥೋಲಿಕ ಧರ್ಮಭಗಿನಿಯರು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ನಡೆಸಿಕೊಂಡು ಬಂದಿರುವ ಕಾರ್ಯವನ್ನು ಪರಿಶೀಲಿಸುವುದು ಉಚಿತ.

ಧರ್ಮಭಗಿನಿಯರು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟವರು. ಅವರಿಗೆ ಸ್ವಂತ ಸಂಸಾರವಿಲ್ಲ, ಸ್ವಂತ ಆಸ್ತಿಯಿಲ್ಲ. ಒಂದೇ ಮಠದಲ್ಲಿ ಒಟ್ಟಾಗಿ ಬಾಳುತ್ತಾರೆ. ಒಬ್ಬರು ಬೇರೆಡೆಗೆ ಹೋದರೆ ಅವರ ಸ್ಥಾನಕ್ಕೆ ಇನ್ನೊಬ್ಬರು ಬರುತ್ತಾರೆ. ಆದುದರಿಂದ ಕೈಕೊಂಡ ಕೆಲಸ ಒಬ್ಬ ವ್ಯಕ್ತಿಯ ಉತ್ಸಾಹದೊಡನೆ ಹುಟ್ಟಿ, ಆ ಉತ್ಸಾಹದೊಡನೆಯೇ ಆರಿಹೋಗುವುದಿಲ್ಲ.

ಈ ಕಾರ್ಯದ ಮೊದಲ ಕ್ಷೇತ್ರ ಶಿಕ್ಷಣ. 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಭಗಿನಿಯರು ಬೆಂಗಳೂರಿಗೆ ಬಂದರು. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು ಮಂಗಳೂರಿಗೆ ಬಂದಿಳಿದರು. ಆ ಸಭೆಯನ್ನು ಸ್ಥಾಪಿಸಿದವರು ಮದರ್ ವೆರೋನಿಕಾ. ಹೆಣ್ಣುಮಕ್ಕಳ ಓದು ತೀರ ಅಪರೂಪವಾಗಿದ್ದ ಕಾಲವದು. ಶಾಲೆಯ ಬಾಗಿಲು ತೆರೆದರೆ ಸಾಲದು, ಕಲಿಸಲು ಆ ನಾಡಿನ ಹೆಂಗಸರೇ ಸಿದ್ಧರಾಗಬೇಕು ಎಂಬುದನ್ನು ಅರಿತ ಭಗಿನಿಯರು ಶಿಕ್ಷಕಿಯರ ತರಬೇತಿಗೂ ಕೈಹಾಕಿದರು. 1921ರಲ್ಲಿ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ಪ್ರಾರಂಭವಾಯಿತು. ಕಲಿತ ಹುಡುಗಿ ಕಲಿಸುವವಳಾದಳು. ಅವಳಿಂದ ಕಲಿತವರು ಮತ್ತೊಂದು ಊರಿಗೆ ಅಕ್ಷರವನ್ನು ಕೊಂಡೊಯ್ದರು. ಹೊರಗಿನಿಂದ ಬಂದ ವಿದ್ಯೆ ಹೀಗೆ ನೆಲದ ವಿದ್ಯೆಯಾಯಿತು.

ಎರಡನೆಯ ಕ್ಷೇತ್ರ ಆರೋಗ್ಯ. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆ ಗುಡ್ ಶೆಫರ್ಡ್ ಭಗಿನಿಯರ ಆರೈಕೆಯಲ್ಲಿ 1886ರಲ್ಲಿ ಪ್ರಾರಂಭವಾಯಿತು. ಈ ಕ್ಷೇತ್ರದಲ್ಲಿ ಸ್ಮರಣೀಯವಾದ ಇನ್ನೊಂದು ಹೆಸರು ಸಿಸ್ಟರ್ ಡಾಕ್ಟರ್ ಮೇರಿ ಗ್ಲೌರಿ. ಆಸ್ಟ್ರೇಲಿಯದಲ್ಲಿ ವೈದ್ಯೆಯಾಗಿದ್ದ ಅವರು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಧರ್ಮಭಗಿನಿಯರು ವೈದ್ಯವೃತ್ತಿ ನಡೆಸಲು ಅಂದು ಧರ್ಮಸಭೆಯ ನಿಯಮಗಳೇ ಅಡ್ಡಿಯಾಗಿದ್ದವು. ಮೇರಿ ಗ್ಲೌರಿ ಅವರು ಪೋಪರಿಂದ ವಿಶೇಷ ಅನುಮತಿ ಪಡೆದು ಚಿಕಿತ್ಸೆ ನೀಡಿದರು. ರೋಮ್ ಆ ನಿರ್ಬಂಧವನ್ನು ಸಡಿಲಿಸಿದ್ದು 1936ರಲ್ಲಿ. ಒಬ್ಬ ವೈದ್ಯೆ ಎಷ್ಟು ಜನರ ನಾಡಿ ಹಿಡಿಯಬಲ್ಲಳು? ಇದನ್ನು ಮನಗಂಡ ಅವರು ಸ್ಥಳೀಯ ಹೆಂಗಸರನ್ನೇ ದಾದಿಯರಾಗಿ, ಸೂಲಗಿತ್ತಿಯರಾಗಿ, ಔಷಧ ಸಿದ್ಧಪಡಿಸುವವರಾಗಿ ತರಬೇತುಗೊಳಿಸಿದರು. 1943ರಲ್ಲಿ ದೇಶದ ಕಥೋಲಿಕ ಆಸ್ಪತ್ರೆಗಳನ್ನು ಒಂದುಗೂಡಿಸುವ ಸಂಘವನ್ನು ಕಟ್ಟಿದರು. ಭಾರತದಲ್ಲಿ ಒಂದು ಕಥೋಲಿಕ ವೈದ್ಯಕೀಯ ಕಾಲೇಜು ಸ್ಥಾಪನೆಯಾಗಬೇಕೆಂಬುದು ಅವರ ಹಂಬಲವಾಗಿತ್ತು. 1957ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು. 1963ರಲ್ಲಿ ಅದೇ ನಗರದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಬಿತ್ತಿದವರು ಕಾಣದ ಬೆಳೆಯನ್ನು ನಾಡು ಉಂಡಿತು.

ಮೂರನೆಯದು ಸಂಘಟನೆ. ಬಡವರ ಪರವಾಗಿ ಮಾತನಾಡುವುದಕ್ಕಿಂತ ಬಡವರೇ ಮಾತನಾಡುವಂತೆ ಮಾಡುವುದು ಕಷ್ಟದ ಕೆಲಸ. ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ಡೆವೋಸ್ ಅವರು 1985ರಲ್ಲಿ ಮನೆಗೆಲಸದವರ ರಾಷ್ಟ್ರೀಯ ಚಳವಳಿಯನ್ನು ಹುಟ್ಟುಹಾಕಿದರು. ಮುಸುರೆ ತಿಕ್ಕುವ ಕೈಗಳಿಗೂ ರಜೆ, ಕೂಲಿ, ಗೌರವಗಳ ಹಕ್ಕಿದೆ ಎಂಬುದು ಅದರ ವಾದ. ಹಲವು ಸಂಘಟನೆಗಳು ಎತ್ತಿದ ಇಂಥ ದನಿಗೆ ಕಿವಿಗೊಟ್ಟು ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ಕೂಲಿಯನ್ನು ಗೊತ್ತುಪಡಿಸಿತು.

ಈ ಕಾರ್ಯದ ಬಗೆಗೆ ಆಕ್ಷೇಪಗಳಿಲ್ಲದೆ ಇಲ್ಲ. ಪಟ್ಟಣಗಳ ಕೆಲವು ಕಾನ್ವೆಂಟ್ ಶಾಲೆಗಳು ಉಳ್ಳವರ ಮಕ್ಕಳಿಗೇ ಹತ್ತಿರವಾದವು. ಅವುಗಳಲ್ಲಿ ಕನ್ನಡ ಹಿಂದೆ ಬಿತ್ತು ಎಂಬ ಮಾತಿನಲ್ಲಿ ಹುರುಳಿದೆ. ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆಯೆಂಬ ಸಂಶಯವನ್ನೂ ಕೆಲವರು ವ್ಯಕ್ತಪಡಿಸುತ್ತಾರೆ. ರೋಗಿಯ ಅಸಹಾಯಕತೆಯನ್ನು ಬಳಸಿಕೊಂಡು ಅವನ ನಂಬಿಕೆಯನ್ನು ಬದಲಿಸಹೊರಟರೆ ಅದು ಸೇವೆಯೆನಿಸದು. ಯಾವ ಮತದವರು ಮಾಡಿದರೂ ಅದು ಖಂಡನೀಯವೇ. ಆದರೆ ಸಂಶಯವೊಂದನ್ನೇ ಮುಂದಿಟ್ಟುಕೊಂಡು ಕಣ್ಣೆದುರಿನ ಕೆಲಸವನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಆ ಶಾಲೆಗಳಲ್ಲಿ ಕಲಿತವರಲ್ಲಿ, ಆ ಆಸ್ಪತ್ರೆಗಳಲ್ಲಿ ಗುಣಹೊಂದಿದವರಲ್ಲಿ ಎಲ್ಲ ಮತದವರೂ ಇದ್ದಾರೆ.

ಸೇವೆಯನ್ನು ಅಳೆಯಲು ಕನ್ನಡ ನಾಡಿಗೆ ಹೊರಗಿನ ಅಳತೆಗೋಲು ಬೇಕಿಲ್ಲ. ಮಲಪ್ರಭೆ ಕೃಷ್ಣೆಯನ್ನು ಕೂಡುವ ಸಂಗಮದ ಹೆಸರಿನೊಡನೆ ಬೆಸೆದುಕೊಂಡ ಬಸವಣ್ಣನವರೂ ಅವರ ಸಂಗಡಿಗರಾದ ಶರಣರೂ ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ಬಹು ಹಿಂದೆಯೇ ಕೊಟ್ಟುಹೋಗಿದ್ದಾರೆ. ಕಾಯಕದಿಂದ ದುಡಿದುದನ್ನು ದಾಸೋಹದಲ್ಲಿ ಹಂಚಬೇಕು. ಇಂದು ಪಡೆದವನು ನಾಳೆ ದುಡಿದು ನೀಡುವವನಾಗಬೇಕು. ಪಡೆಯುವುದರಲ್ಲಿಯೇ ಉಳಿದರೆ ಅವನು ಪರಾವಲಂಬಿಯಾಗುತ್ತಾನೆ. ಧರ್ಮಭಗಿನಿಯರ ಕಾರ್ಯದಲ್ಲಿ ಉಳಿದುಬಂದುದೂ ಈ ಅಳತೆಗೆ ಸಂದ ಭಾಗವೇ. ಪಡೆದವರು ಮರೆತ ದಾನ ಕರಗಿಹೋಯಿತು. ಪಡೆದವರು ಕಲಿತು ಮುಂದುವರಿಸಿದ ವಿದ್ಯೆ ಬೆಳೆಯಿತು.

ರಾಮದುರ್ಗದಂಥ ತಾಲ್ಲೂಕಿಗೆ ಇದರಲ್ಲಿ ಪಾಠವಿದೆ. ನೆರೆ ಬಂದಾಗ ಹೊರಗಿನ ದೋಣಿ ಬರುವವರೆಗೆ ಕಾಯದೆ ವೃದ್ಧರನ್ನೂ ಮಕ್ಕಳನ್ನೂ ಎತ್ತರದ ಜಾಗಕ್ಕೆ ಸಾಗಿಸಬಲ್ಲ ತರುಣರು ಊರಿನಲ್ಲಿಯೇ ಸಿದ್ಧರಾಗಬೇಕು. ನೇಕಾರ ಹೆಣ್ಣುಮಗಳು ತನ್ನ ಸೀರೆಯ ಲೆಕ್ಕವನ್ನು ತಾನೇ ಬರೆಯಬೇಕು. 1992ರಲ್ಲಿ ನಬಾರ್ಡ್ ಬ್ಯಾಂಕುಗಳೊಡನೆ ಜೋಡಿಸತೊಡಗಿದ ಸ್ವಸಹಾಯ ಸಂಘಗಳಂಥ ವ್ಯವಸ್ಥೆಯನ್ನು ಹಳ್ಳಿಯ ಹೆಂಗಸರು ಸಾಲ ಪಡೆಯುವುದಕ್ಕಷ್ಟೇ ಅಲ್ಲದೆ ಒಟ್ಟಾಗಿ ಯೋಚಿಸುವುದಕ್ಕೂ ಬಳಸಬೇಕು. ನೆರವು ನೀಡಲು ಬರುವವರು ಧರ್ಮಭಗಿನಿಯರಾಗಲಿ, ಮಠದವರಾಗಲಿ, ಸರ್ಕಾರದವರಾಗಲಿ, ತಾವು ಹೊರಟುಹೋದ ಮೇಲೆ ಈ ಕೆಲಸವನ್ನು ನಡೆಸುವವರು ಯಾರು ಎಂದು ಮೊದಲ ದಿನವೇ ಕೇಳಿಕೊಳ್ಳಬೇಕು. ಆ ಪ್ರಶ್ನೆಗೆ ಊರಿನವರಲ್ಲಿಯೇ ಒಬ್ಬರು ಎದ್ದುನಿಂತು ಉತ್ತರ ಕೊಡುವ ದಿನ ಆ ಸೇವೆ ಸಾರ್ಥಕವಾಗುತ್ತದೆ.