ತಟ್ಟೆಯ ಲೆಕ್ಕ ತಪ್ಪಿರುವುದೆಲ್ಲಿ?

ಸಿ.ವಿ. ರಾಮನ್ ನಗರದ ಡಿಆರ್‌ಡಿಒ ವಸತಿ ಬಡಾವಣೆಯ ಸುತ್ತಮುತ್ತ ಬೆಳಗಿನ ನಡಿಗೆ ಮುಗಿಸಿದವರು ದರ್ಶಿನಿಯ ಮುಂದೆ ಸೇರುವುದು ನಿತ್ಯದ ನೋಟ. ‘ಕಾಫಿಗೆ ಸಕ್ಕರೆ ಬೇಡ’ ಎಂದು ಎಚ್ಚರದಿಂದ ಹೇಳುವವರೇ ಅಷ್ಟರಲ್ಲಿ ಎರಡು ಇಡ್ಲಿ, ಒಂದು ಪ್ಲೇಟ್ ಖಾರಾಬಾತ್ ಮುಗಿಸಿರುತ್ತಾರೆ. ಮಧುಮೇಹವನ್ನು ಸಕ್ಕರೆ ಡಬ್ಬಿಗಷ್ಟೇ ಸೀಮಿತಗೊಳಿಸಿದ ನಮ್ಮ ತಿಳಿವಳಿಕೆಯ ದೋಷ ಇಲ್ಲಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ರಾಷ್ಟ್ರವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ, ದೇಶದಲ್ಲಿ 10.1 ಕೋಟಿ ಮಧುಮೇಹಿಗಳೂ ಆ ಅಂಚಿನಲ್ಲಿರುವ 13.6 ಕೋಟಿ ಜನರೂ ಇರುವ ಅಂದಾಜು ಹೊರಬಿತ್ತು. ಅದೇ ಅಧ್ಯಯನದ 2025ರ ವರದಿ ಕಾರಣದತ್ತ ಬೊಟ್ಟು ಮಾಡಿತು: ಭಾರತೀಯರ ಆಹಾರದ ಶಕ್ತಿಯಲ್ಲಿ ಸುಮಾರು ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ.

ಅನ್ನದ ಬದಲು ರಾಗಿ ಮುದ್ದೆ ಉಂಡರೆ ಸಾಕೆಂಬ ಸಮಾಧಾನವೂ ಈಗ ಅಲುಗಾಡಿದೆ. 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದೆವು. ಆದರೆ ಧಾನ್ಯದ ಒಟ್ಟು ಪ್ರಮಾಣ ತಗ್ಗದೆ, ಬಿಳಿ ಅಕ್ಕಿಯ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯ ಬಂದಷ್ಟರಿಂದಲೇ ಅಪಾಯ ಇಳಿಯದು ಎನ್ನುತ್ತದೆ ಆ ವರದಿ. ಪಿಷ್ಟದಿಂದ ಬರುವ ಶಕ್ತಿಯಲ್ಲಿ ಶೇ 5ರಷ್ಟನ್ನು ಬೇಳೆಕಾಳು ಇಲ್ಲವೇ ಹಾಲು-ಮೊಸರಿನ ಪ್ರೋಟೀನ್‌ಗೆ ಬಿಟ್ಟುಕೊಟ್ಟಲ್ಲಿ ಅಪಾಯ ಕಡಿಮೆ ಕಂಡುಬಂದಿದೆ. ದೋಷ ಮುದ್ದೆಯದಲ್ಲ, ಅದರ ಗಾತ್ರದ್ದು.

ಇದಕ್ಕೆ ದುಬಾರಿ ಪಥ್ಯದ ಅಗತ್ಯವಿಲ್ಲ. ತಟ್ಟೆಯ ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಮಾತ್ರ ಅನ್ನ ಅಥವಾ ಮುದ್ದೆ. ಹುರುಳಿ ಸಾರು, ಅವರೆಕಾಳಿನ ಹುಳಿ, ಸೊಪ್ಪಿನ ಪಲ್ಯ ನಮ್ಮವೇ. ಹಬ್ಬದ ಎಲೆಯ ತುದಿಯಲ್ಲಿ ಕುಳಿತ ಕೋಸಂಬರಿ ನಿತ್ಯದ ಊಟದ ನಡುವಿಗೆ ಬರಬೇಕಷ್ಟೆ. ಆದರೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಕಡಿತಗೊಳಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಹೆಚ್ಚು ಪ್ರೋಟೀನ್ ಸಲ್ಲದು. ಇಬ್ಬರಿಗೂ ವೈದ್ಯರ ಸಲಹೆ ಅನಿವಾರ್ಯ.

ಆದರೆ ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಎಲ್ಲರಿಗೂ ಇಲ್ಲ. ಬಾಗ್ಮನೆ ಟೆಕ್ ಪಾರ್ಕ್‌ನ ಎಂಜಿನಿಯರ್‌ಗೆ ಆಯ್ಕೆಯಿದೆ. ಅದೇ ಕಟ್ಟಡದ ಕಸ ಗುಡಿಸುವವರಿಗೆ, ಕಾವಲುಗಾರರಿಗೆ ಅಗ್ಗವಾಗಿ ಹೊಟ್ಟೆ ತುಂಬಿಸುವುದು ಧಾನ್ಯವೇ. 2013ರಲ್ಲಿ ಆರಂಭವಾದ ಅನ್ನಭಾಗ್ಯ, 2017ರಲ್ಲಿ ಬಂದ ಇಂದಿರಾ ಕ್ಯಾಂಟೀನ್ ಹಸಿವಿನ ವಿರುದ್ಧ ನಡೆಸಿದ ಹೋರಾಟ ಸಣ್ಣದಲ್ಲ. ಈಗ ಹಸಿವಿನ ಜೊತೆಗೆ ಮಧುಮೇಹವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ಆಹಾರ ಕಿಟ್ ನೀಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ತೀರ್ಮಾನಿಸಿದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ. ಅದರಲ್ಲಿ ತೊಗರಿಬೇಳೆಯಿತ್ತು, ವಿಪರ್ಯಾಸವೆಂಬಂತೆ ಸಕ್ಕರೆಯೂ ಇತ್ತು. ಆ ಸಕ್ಕರೆಯ ಜಾಗದಲ್ಲಿ ಹೆಸರುಕಾಳೋ ಹುರುಳಿಯೋ ಇದ್ದರೆ, ಕ್ಯಾಂಟೀನಿನ ಊಟಕ್ಕೆ ಒಂದು ಸೌಟು ಕಾಳಿನ ಪಲ್ಯ ಸೇರಿದರೆ, ಆಗುವ ಹೆಚ್ಚುವರಿ ವೆಚ್ಚವನ್ನು ಡಯಾಲಿಸಿಸ್ ಖರ್ಚಿನೊಂದಿಗೆ ಹೋಲಿಸಿ ನೋಡಬೇಕು. ಸಕ್ಕರೆ ಬೇಡವೆಂದು ಕಾಫಿ ಲೋಟದ ಮುಂದೆ ಹೇಳುವ ಮಾತನ್ನು ಸರ್ಕಾರವೂ ಒಮ್ಮೆ ಹೇಳಲಿ.