ನೊರೆಯ ತಕರಾರು

ಬೇಳೆ ಬೇಯುವಾಗ ಉಕ್ಕಿ ಬರುವ ನೊರೆಯನ್ನು ತೆಗೆದು ಚೆಲ್ಲಬೇಕೇ, ಹಾಗೇ ಬಿಡಬೇಕೇ? ಇದೂ ಒಂದು ಜಗಳವೇ ಎಂದು ನೀವು ನಗಬಹುದು. ಮೊನ್ನೆಯವರೆಗೆ ನಾನೂ ನಗುತ್ತಿದ್ದೆ. ನಮ್ಮ ಶಾಲೆಯ ಬಿಸಿಯೂಟದ ಕೋಣೆಗೆ ಬಂದ ಊರಿನ ಹಿರಿಯರೊಬ್ಬರು ಕುದಿಯುತ್ತಿದ್ದ ತೊಗರಿಬೇಳೆಯ ಪಾತ್ರೆಯನ್ನು ಇಣುಕಿ ನೋಡಿ, "ಈ ನೊರೆಯೆಲ್ಲ ವಿಷ, ಯೂರಿಕ್ ಆಸಿಡ್ಡು. ಮಕ್ಕಳಿಗೆ ಇದನ್ನೇ ಹಾಕ್ತೀಯೇನಮ್ಮ?" ಎಂದು ಗದರಿದರು. ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನೋಡಿದ್ದರಂತೆ. ವರ್ಷಗಟ್ಟಲೆ ಮಕ್ಕಳಿಗೆ ಬೇಯಿಸಿ ಬಡಿಸಿದ ನಮ್ಮ ಅಡುಗೆಯಮ್ಮ ಬೆದರಿ, ಮರುದಿನದಿಂದ ಸೌಟುಸೌಟಾಗಿ ನೊರೆ ಎತ್ತಿ ಬಚ್ಚಲಿಗೆ ಸುರಿಯತೊಡಗಿದರು.

ಆ ಸೌಟನ್ನು ನಾನು ನೋಡಿದೆ. ಅದರಲ್ಲಿ ನೊರೆಯೊಂದೇ ಇರಲಿಲ್ಲ. ಅರೆಬೆಂದ ಬೇಳೆಯೂ ಇತ್ತು, ಹಳದಿ ಕಟ್ಟೂ ಇತ್ತು. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನವೊಂದಕ್ಕೆ ನಿಗದಿಯಾದ ಬೇಳೆ 20 ಗ್ರಾಂ. ಅದರಲ್ಲಿ ಪ್ರೋಟೀನು 4 ಗ್ರಾಮಿನ ಆಸುಪಾಸು. ಅರವತ್ತು ಮಕ್ಕಳಿದ್ದರೆ ಪಾತ್ರೆಗೆ ಬೀಳುವುದು 1 ಕಿಲೋ 200 ಗ್ರಾಂ. ಅದರಿಂದ ಐದಾರು ಸೌಟು ಬಚ್ಚಲಿಗೆ ಹೋದರೆ ಕಳೆದುಕೊಂಡವರು ಯಾರು? ಬೆಳಿಗ್ಗೆ ಬರೀ ಟೀ ಕುಡಿದು ಶಾಲೆಗೆ ಬರುವ ಮಗು. ನನ್ನ ಸಿಟ್ಟೆಲ್ಲ ಇರುವುದು ಇಲ್ಲಿ.

ಅಷ್ಟಕ್ಕೂ ನೊರೆ ಎಂದರೇನು? ಬೇಳೆಯೊಳಗಿನ ಪ್ರೋಟೀನು, ಪಿಷ್ಟ, ಜೊತೆಗೆ ಸಪೋನಿನ್ ಎಂಬ ವಸ್ತು ನೀರಿಗಿಳಿದು ಕುದಿಯುವ ಗುಳ್ಳೆಗಳ ಸುತ್ತ ಪೊರೆ ಕಟ್ಟುತ್ತವೆ. ಅಂಟುವಾಳದ ಕಾಯಿ ಉಜ್ಜಿದಾಗ ನೊರೆ ಬರುವುದೂ ಸಪೋನಿನ್‌ನಿಂದಲೇ. ಹಾಗಾದರೆ ಸೋಪು ತಿಂದ ಹಾಗಾಯಿತಲ್ಲ ಎನ್ನಬೇಡಿ. ಬೆಂದ ಬೇಳೆಯಲ್ಲಿ ಉಳಿಯುವುದು ಹಾನಿ ಮಾಡದಷ್ಟು ಅಲ್ಪ. ಇನ್ನು ಯೂರಿಕ್ ಆಮ್ಲ. ಅದು ಪಾತ್ರೆಯಲ್ಲಿ ಹುಟ್ಟುವುದಿಲ್ಲ. ಆಹಾರದ ಪ್ಯೂರಿನ್ ಒಡೆದು ನಮ್ಮ ದೇಹದೊಳಗೆ ಆಗುವಂಥದು. ಆ ಪ್ಯೂರಿನ್ ಇಡೀ ಬೇಳೆಯಲ್ಲಿದೆ; ನೊರೆಯ ಮೇಲೆ ಬಂದು ಕೂತು ಸೌಟಿಗಾಗಿ ಕಾಯುವುದಿಲ್ಲ. ಗೌಟ್ ಇರುವವರು ಬೇಳೆ ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಲಿ. ಆರು ವರ್ಷದ ಮಗುವಿನ ತಟ್ಟೆಗೆ ಯಾಕೆ ಕೈ ಹಾಕಬೇಕು?

ತೆಗೆಯಲೇಬಾರದು ಎಂಬ ಹಟ ನನಗಿಲ್ಲ. ಕಾಲು ಸೂಪಿನಲ್ಲಿ ಮೊದಲ ಕುದಿಗೆ ಏಳುವ ಬೂದುಬಣ್ಣದ ನೊರೆಯನ್ನು ನಮ್ಮತ್ತೆ ತೆಗೆಯುತ್ತಿದ್ದರು. ಅದೂ ಹೆಪ್ಪುಗಟ್ಟಿದ ಪ್ರೋಟೀನೇ. ತೆಗೆದರೆ ಸೂಪು ತಿಳಿಯಾಗುತ್ತದೆ, ಅಷ್ಟೇ. ಕುಕ್ಕರಿನಲ್ಲಿ ಬೇಳೆ ನೀರು ಸೇರಿ ಅರ್ಧಕ್ಕಿಂತ ಮೇಲೆ ಬಂದರೆ ನೊರೆ ಆವಿಯ ದಾರಿ ಕಟ್ಟುವ ಅಪಾಯವೂ ಉಂಟು. ಆದರೆ ಬಸ್ಸಾರು, ಹೋಳಿಗೆ ಸಾರು ಮಾಡುವವರನ್ನು ಕೇಳಿ ನೋಡಿ, ಬೇಳೆ ಬೆಂದ ನೀರೇ ಅಲ್ಲಿ ಸಾರಿನ ಜೀವ. ಧೂಳಿನ ಭಯವಿದ್ದರೆ ಬೇಳೆಯನ್ನು ಮೂರು ನೀರಿನಲ್ಲಿ ತೊಳೆಯಿರಿ. ಉಕ್ಕೀತೆಂಬ ಭಯವಿದ್ದರೆ ಒಂದು ಚಮಚ ಎಣ್ಣೆ ಬಿಡಿ, ನೊರೆ ತಾನೇ ಇಳಿಯುತ್ತದೆ.

ಇದನ್ನೆಲ್ಲ ಆ ಹಿರಿಯರಿಗೂ ಹೇಳಿದೆ. ಕಬ್ಬು ಬೆಳೆಯುವವರು, ಸುಲಭಕ್ಕೆ ಬಿಡಲಿಲ್ಲ. "ಆಲೆಮನೇಲಿ ನೊರೆ ತೆಗೀದೆ ಬೆಲ್ಲ ಆಗುತ್ತಾ ಮಿಸ್?" ಎಂದರು. ಒಳ್ಳೆಯ ಪ್ರಶ್ನೆ. ಕಬ್ಬಿನ ಹಾಲಿನಲ್ಲಿ ಮಣ್ಣು, ಸಿಪ್ಪೆಯ ಚೂರು, ಮೇಣ ಇರುತ್ತವೆ. ಬೆಂಡೆಗಿಡದ ಲೋಳೆ ಹಾಕಿ ಕೊಳೆಯನ್ನು ಮೇಲೆ ತಂದು ತೆಗೆಯದಿದ್ದರೆ ಬೆಲ್ಲ ಕಪ್ಪಾಗುತ್ತದೆ, ಬಾಳಿಕೆಯೂ ಬರದು. "ಅಲ್ಲಿ ಕೊಳೆ ತೆಗೀತೀರಿ ಯಜಮಾನರೇ, ಇಲ್ಲಿ ಬೇಳೇನೇ ತೆಗೀತಿದೀವಿ" ಎಂದೆ. ತಲೆಯಾಡಿಸಿದರು. ಒಪ್ಪಿದರೋ, ಟೀಚರ ಬಾಯಿಗೆ ಹೆದರಿದರೋ ತಿಳಿಯದು.

ಅಡುಗೆಯಮ್ಮನಿಗೆ ಮಾತ್ರ ಅಳುಕು ಹೋಗಿಲ್ಲ. ನೊರೆ ಏಳುವ ಹೊತ್ತಿಗೆ ಸೌಟು ಹಿಡಿದೇ ನನ್ನ ತರಗತಿಯ ಬಾಗಿಲಿಗೆ ಬರುತ್ತಾರೆ. "ಮಿಸ್, ಯಾರಾದ್ರೂ ಬಂದು ಕೇಳಿದ್ರೆ ನೀವೇ ಹೇಳ್ಬೇಕು." "ನಾನೇ ಹೇಳ್ತೀನಿ ಕಣಕ್ಕ, ನೀವು ಹೋಗಿ ಎಣ್ಣೆ ಬಿಡಿ" ಎನ್ನುತ್ತೇನೆ.