ಮುಚ್ಚಳಕ್ಕೆ ಕಿಂಡಿ ಬೇಡವೆ?

ಸೀಟಿನ ಹಿಂದೆ ಎಂಜಿನ್ ಇರುವ ಕಾರಿಗೆ ಪಾರದರ್ಶಕ ಮುಚ್ಚಳ ಹಾಕಿಸಿ, ಶಾಖ ತಡೆಯುವ ಫಿಲ್ಮ್ ಅಂಟಿಸಿದರೆ ಸಾಕು, ಬೆಂಗಳೂರು ಹೇಗೂ ತಂಪು ಊರು ಎಂದು ಲೇಖಕರೊಬ್ಬರು ಅಪ್ಪಣೆ ಕೊಡಿಸಿದ್ದಾರೆ. ಅವರ ಕಾರು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ದಟ್ಟಣೆಯಲ್ಲಿ ನಿಂತೇ ಇಲ್ಲವೆಂದು ಕಾಣುತ್ತದೆ.

ಫಿಲ್ಮ್ ತಡೆಯುವುದು ಬಿಸಿಲನ್ನು. ಇಲ್ಲಿನ ಕಾಟ ಕೆಳಗಿನದು: ಎಕ್ಸಾಸ್ಟ್ ಕೊಳವೆಗಳಿಂದ ಏಳುವ ಬಿಸಿಗಾಳಿ. ಓಡುವ ಕಾರಿನಲ್ಲಿ ಹೊರಗಿನ ಗಾಳಿ ಅದನ್ನು ಎಳೆದೊಯ್ಯುತ್ತದೆ; ವೈಟ್‌ಫೀಲ್ಡ್ ದಾರಿಯಲ್ಲಿ ತೆವಳುವಾಗ ಆ ಗಾಳಿ ಎಲ್ಲಿಂದ ಬರಬೇಕು? ಇನ್ನೂ ಕೆಟ್ಟ ಗಳಿಗೆ ಎಂಜಿನ್ ಆರಿಸಿದ ಮೇಲಿನದು. ಬೆಲ್ಟಿನ ವಾಟರ್ ಪಂಪ್ ನಿಲ್ಲುತ್ತದೆ, ಲೋಹದಲ್ಲಿ ಕೂತ ಕಾವು ಮಾತ್ರ ಮೇಲೇಳುತ್ತಲೇ ಇರುತ್ತದೆ. ಇಂಥ ಮುಚ್ಚಳದ ಅಕ್ರಿಲಿಕ್ ಹಾಳೆ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಪಾಲಿಕಾರ್ಬೊನೇಟ್ 145ರ ಸುಮಾರಿಗೆ. ತಂಪು ಊರಿನ ಮಾತಿಗೂ ಒಂದು ತಿದ್ದುಪಡಿ: 900 ಮೀಟರ್ ಎತ್ತರದ ನಮ್ಮ ಗಾಳಿ ಕರಾವಳಿಯದಕ್ಕಿಂತ ತೆಳು, ಅದು ಹೊತ್ತೊಯ್ಯುವ ಶಾಖವೂ ಅಷ್ಟು ಕಡಿಮೆ.

1987ರ ಫೆರಾರಿ ಎಫ್40ರ ಪ್ಲಾಸ್ಟಿಕ್ ಹಿಂಗಾಜಿನಲ್ಲಿ ಸಾಲುಸಾಲು ಸೀಳುಗಳಿರುವುದು ಬರೀ ಅಂದಕ್ಕಲ್ಲ. ಅಷ್ಟು ದೂರವೂ ಬೇಡ, ಸೀಟಿನಡಿ ಎಂಜಿನ್ ಇದ್ದ ಮಾರುತಿ ಓಮ್ನಿ ಓಡಿಸಿದವರನ್ನು ಕೇಳಿ, ಕಾವು ಹೇಗೆ ಮೇಲೇಳುತ್ತದೆಂದು. ಪೀಣ್ಯದ ಯಾವುದಾದರೂ ಶೀಟ್‌ಮೆಟಲ್ ಶೆಡ್ಡಿನಲ್ಲಿ ಮುಚ್ಚಳದ ಹಿಂಬದಿಗೆ ಜಾಲರಿ ಕಿಂಡಿ ಮಾಡಿಸಿ, ಎಂಜಿನ್ ಆರಿದ ಮೇಲೂ ತುಸು ಹೊತ್ತು ತಿರುಗುವ ಫ್ಯಾನ್ ಕೂರಿಸಲಿ. ಫಿಲ್ಮ್ ಬೇಕಿದ್ದರೆ ಆಮೇಲೆ ಅಂಟಿಸಿಕೊಳ್ಳಲಿ.